ಕಂಬ ಗಟ್ಟಿ, ಬುಡ ಕುಂಬು

ಅರ್ಧ ಶತಮಾನ ದಾಟಿದ ಹಾಯಿದೋಣಿಯೊಂದನ್ನು ಕೊಳ್ಳಲು ಹೊರಟವರು ಹಾಯಿ ಬಿಡಿಸಿ ನೋಡುವುದಕ್ಕೂ ಎಂಜಿನ್ ಚಾಲೂ ಮಾಡಿಸುವುದಕ್ಕೂ ಮೊದಲು ಒಳಗಿಳಿದು ಶೌಚದ ಬಾಗಿಲನ್ನು ಒಮ್ಮೆ ಹಾಕಿ ತೆಗೆದು ನೋಡುವುದು ಒಳ್ಳೆಯದು. ಬಾಗಿಲು ಸಲೀಸಾಗಿ ಕೂತರೆ ಸರಿ. ಮೇಲಿನ ಪಟ್ಟಿಗೆ ಉಜ್ಜಿ ನಿಂತರೆ, ಅಥವಾ ಹಿಂದಿನ ಮಾಲೀಕರು ಯಾರೋ ಅದರ ಮೇಲಂಚನ್ನು ಕೀಸುಳಿ ಹಾಕಿ ಹೆರೆದ ಗುರುತಿದ್ದರೆ, ಬೆಲೆ ಇಳಿಸಿ ಕೇಳಲು ಅದೊಂದೇ ಕಾರಣ ಸಾಕು. ಬಾಗಿಲು ಉಬ್ಬಿಕೊಂಡಿರುವುದಿಲ್ಲ, ಮಾಡು ಕೆಳಗಿಳಿದಿರುತ್ತದೆ. ಮಾಡನ್ನು ಇಳಿಸಿದ್ದು ಅದರ ಮೇಲೆ ನಿಂತಿರುವ ಹಾಯಿಕಂಬ.

ದಡದಲ್ಲಿ ನಿಂತು ನೋಡುವವರ ಕಣ್ಣಿಗೆ ಹಾಯಿಕಂಬ ಆಕಾಶಕ್ಕೆ ಏರುವ ವಸ್ತು. ದೋಣಿಯ ಪಾಲಿಗೆ ಅದು ಸದಾ ಕೆಳಕ್ಕೆ ಒತ್ತುವ ವಸ್ತು. ಮೂವತ್ತು ಅಡಿಯ ದೋಣಿಯ ಅಲ್ಯೂಮಿನಿಯಂ ಕಂಬವನ್ನು ಮೂರು ನಾಲ್ಕು ಜನ ಸೇರಿ ಹೊತ್ತು ನಡೆಯಬಹುದು. ಅದರ ಸ್ವಂತ ಭಾರ ಲೆಕ್ಕಕ್ಕೇ ಬರುವುದಿಲ್ಲ. ಭಾರ ಬರುವುದು ಅದನ್ನು ನೆಟ್ಟಗೆ ಹಿಡಿದಿರುವ ಸ್ಟೇ ತಂತಿಗಳಿಂದ. ಮುಂದೊಂದು, ಹಿಂದೊಂದು, ಪಕ್ಕಕ್ಕೆ ಮೂರು ಮೂರು, ಹೀಗೆ ಒಟ್ಟು ಎಂಟು ತಂತಿಗಳ ಜೋಡಣೆ ಆ ಕಾಲದ ದೋಣಿಗಳಲ್ಲಿ ಸಾಮಾನ್ಯ. ಕಾಲು ಇಂಚು ದಪ್ಪದ ಸ್ಟೀಲ್ ತಂತಿ ಹರಿಯಲು ಸುಮಾರು 3.7 ಟನ್ ಎಳೆತ ಬೇಕು. ಅದರ ಶೇ 10ರಿಂದ 15ರಷ್ಟು ಬಿಗಿತದಲ್ಲಿ ತಂತಿ ಇಡುವುದು ವಾಡಿಕೆ. ಎಂಟೂ ತಂತಿಗಳು ಕಂಬವನ್ನು ಕೆಳಕ್ಕೆ ಎಳೆಯುವುದರಿಂದ, ಗಾಳಿಯಿಲ್ಲದ ದಿನ ಕಟ್ಟೆಗೆ ಕಟ್ಟಿ ಹಾಕಿದ ದೋಣಿಯಲ್ಲೂ ಕಂಬದ ಬುಡ ಸುಮಾರು ಮೂರು ಟನ್ ಅಥವಾ ಅದಕ್ಕೂ ಹೆಚ್ಚು ಒತ್ತುತ್ತಿರುತ್ತದೆ.

ಹಾಯಿ ಬಿಚ್ಚಿದ ಮೇಲೆ ಲೆಕ್ಕ ಬೇರೆ. ನಾರ್ಮನ್ ಸ್ಕೀನ್ ಬರೆದು, ಮುಂದೆ ಫ್ರಾನ್ಸಿಸ್ ಕಿನ್ನಿ ಪರಿಷ್ಕರಿಸಿದ ಹಳೆಯ ವಿನ್ಯಾಸ ಕೈಪಿಡಿಯಲ್ಲಿ ಇದಕ್ಕೊಂದು ಸರಳ ಸೂತ್ರವಿದೆ. ದೋಣಿ 30 ಡಿಗ್ರಿ ವಾಲಿದಾಗ ಮತ್ತೆ ನೆಟ್ಟಗಾಗಲು ಅದು ತೋರುವ ಬಲವನ್ನು 2.78ರಿಂದ ಗುಣಿಸಿ, ದೋಣಿಯ ಅರ್ಧ ಅಗಲದಿಂದ ಭಾಗಿಸಿದರೆ ಕಂಬದ ಒತ್ತಡ ಸಿಗುತ್ತದೆ. ನಾಲ್ಕು ಟನ್ ತೂಗುವ ದೋಣಿಯೊಂದಕ್ಕೆ ಆ ಬಲ 1.6 ಟನ್-ಮೀಟರ್, ಅರ್ಧ ಅಗಲ 1.3 ಮೀಟರ್ ಎಂದಿಟ್ಟುಕೊಳ್ಳಿ. ಉತ್ತರ ಸುಮಾರು 3.4 ಟನ್. ಅಂದರೆ ಅಂಗೈ ಎರಡರಷ್ಟು ಜಾಗದ ಮೇಲೆ ಹೆಚ್ಚುಕಡಿಮೆ ಇಡೀ ದೋಣಿಯದೇ ಭಾರ. ಅಲೆಯ ನೆತ್ತಿಯಿಂದ ಧೊಪ್ಪನೆ ಬಿದ್ದಾಗಿನ ಹೊಡೆತ ಇನ್ನೂ ಬೇರೆ.

ಈ ಭಾರ ಹೋಗುವುದೆಲ್ಲಿಗೆ ಎಂಬುದೇ ಈ ಲೇಖನದ ವಿಷಯ. ಹಿಂದಿನ ಮರದ ದೋಣಿಗಳಲ್ಲಿ ಉತ್ತರ ಸುಲಭವಿತ್ತು. ಕಂಬ ಡೆಕ್ಕನ್ನು ತೂರಿಕೊಂಡು ಒಳಗಿಳಿದು ದೋಣಿಯ ಬೆನ್ನೆಲುಬಾದ ಕೀಲ್ ಮೇಲೆ, ದಪ್ಪ ಮರದ ಗುಣಿಯಲ್ಲಿ ಕೂರುತ್ತಿತ್ತು. ಮಧ್ಯೆ ದಲ್ಲಾಳಿಗಳಿರಲಿಲ್ಲ. ಆದರೆ ಮಲಗುವ, ಅಡುಗೆ ಮಾಡುವ ಜಾಗದ ನಟ್ಟನಡುವೆ ಕಂಬ ನಿಂತಿರುತ್ತಿತ್ತು. ಡೆಕ್ಕಿನ ತೂತಿನಿಂದ ಮಳೆನೀರು ಕಂಬದ ಗುಂಟ ಇಳಿದು ಹಾಸಿಗೆ ಒದ್ದೆಯಾಗುತ್ತಿತ್ತು.

1959ರ ನ್ಯೂಯಾರ್ಕ್ ದೋಣಿ ಪ್ರದರ್ಶನದಲ್ಲಿ ಪಿಯರ್ಸನ್ ಸೋದರಸಂಬಂಧಿಗಳಾದ ಕ್ಲಿಂಟನ್ ಮತ್ತು ಎವರೆಟ್ ‘ಟ್ರೈಟನ್’ ಎಂಬ 28 ಅಡಿಯ ಫೈಬರ್ ಗ್ಲಾಸ್ ದೋಣಿಯನ್ನು ತಂದು ನಿಲ್ಲಿಸಿದರು. ವಿನ್ಯಾಸ ಸ್ವೀಡನ್ ಮೂಲದ ಕಾರ್ಲ್ ಆಲ್ಬರ್ಗ್ ಅವರದು. ಅಚ್ಚಿನಲ್ಲಿ ಪದರ ಪದರವಾಗಿ ಹಾಸಿ ಒಂದರ ಹಿಂದೊಂದು ತೆಗೆಯಬಹುದಾದ, ಮಧ್ಯಮ ವರ್ಗದ ಅಮೆರಿಕನ್ ಕುಟುಂಬದ ಕೈಗೆಟುಕುವ ದೋಣಿ. 1967ರ ವೇಳೆಗೆ ಏಳು ನೂರಕ್ಕೂ ಹೆಚ್ಚು ಮಾರಿಹೋದವು. 1962ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ವಿಟ್ಬಿ ಬೋಟ್ ವರ್ಕ್ಸ್ ಅದೇ ಆಲ್ಬರ್ಗ್ ಕೈಯಲ್ಲಿ ಸ್ವಲ್ಪ ದೊಡ್ಡದೊಂದನ್ನು ಬರೆಸಿ ಕಟ್ಟತೊಡಗಿತು. ಅದೇ ‘ಆಲ್ಬರ್ಗ್ 30’: 9.2 ಮೀಟರ್ ಉದ್ದ, 2.67 ಮೀಟರ್ ಅಗಲ, ನಾಲ್ಕು ಟನ್ ತೂಕ. ಇವೂ ಏಳು ನೂರಕ್ಕೂ ಹೆಚ್ಚು ಹುಟ್ಟಿದವು. ಚೆಸಪೀಕ್ ಕೊಲ್ಲಿಯಲ್ಲಿ, ಒಂಟಾರಿಯೊ ಸರೋವರದಲ್ಲಿ ಇವತ್ತಿಗೂ ಓಡಾಡುತ್ತಿವೆ.

ಈ ಎರಡೂ ದೋಣಿಗಳಲ್ಲಿ ಕಂಬ ನಿಲ್ಲುವುದು ಕ್ಯಾಬಿನ್ನಿನ ಮಾಡಿನ ಮೇಲೆ. ಒಳಗೆ ಜಾಗ ಮಿಕ್ಕಿತು, ನೀರು ಸೋರುವ ದೊಡ್ಡ ತೂತು ಇಲ್ಲವಾಯಿತು, ಕಂಬ ಇಳಿಸಿ ಏರಿಸುವುದೂ ಸುಲಭ. ಆದರೆ ಕಂಬದ ನೇರ ಕೆಳಗೆ ಏನಿದೆ? ಕೂರುವ ಕೋಣೆಯಿಂದ ಶೌಚಕ್ಕೂ ಮುಂದಿನ ಮಲಗುವ ಗೂಡಿಗೂ ಹೋಗುವ ಓಣಿ! ಮನುಷ್ಯ ನಡೆಯುವ ದಾರಿಯಲ್ಲಿ ಆಧಾರಕಂಬ ನೆಡುವಂತಿಲ್ಲ. ಹಾಗಾಗಿ ಓಣಿಯ ಮೇಲೆ ಅಡ್ಡಕ್ಕೆ ಒಂದು ತೊಲೆ ಹಾಸಿ, ಅದರ ಎರಡು ತುದಿಗಳನ್ನು ಪ್ಲೈವುಡ್‌ನ ಅಡ್ಡಗೋಡೆಗಳ ಮೇಲೆ, ಬಾಗಿಲವಾಡದ ಕಂಬಗಳ ಮೇಲೆ ಕೂರಿಸಿದರು. ಆಲ್ಬರ್ಗ್ 30ರ ಹಳೆಯ ದೋಣಿಗಳಲ್ಲಿ ಇದು ಮರದ ಪಟ್ಟಿಗಳನ್ನು ಅಂಟಿಸಿ ಮಾಡಿದ ತೊಲೆ. ಮೂರೂವರೆ ಟನ್ ಬೀಳುವುದು ಇದರ ಹೊಟ್ಟೆಯ ಮೇಲೆ.

ತೊಲೆಯನ್ನು ಇನ್ನೂ ಆಳವಾಗಿ ಮಾಡಬಹುದಿತ್ತಲ್ಲ ಎಂದು ಯಾವ ಬಡಗಿಯಾದರೂ ಕೇಳುತ್ತಾನೆ. ಸರಿಯಾದ ಪ್ರಶ್ನೆಯೇ. ತೊಲೆಯ ಆಳ ಎರಡು ಪಟ್ಟಾದರೆ ಅದರ ಬಿಗಿತ ಎಂಟು ಪಟ್ಟಾಗುತ್ತದೆ. ಆದರೆ ಒಳಗಿನ ಎತ್ತರವೇ ಆರಡಿ ಆಸುಪಾಸು. ತೊಲೆ ಒಂದು ಇಂಚು ಕೆಳಗಿಳಿದರೆ ಆ ದಾರಿಯಲ್ಲಿ ಹೋಗುವ ಪ್ರತಿಯೊಂದು ಹಣೆಯೂ ಲೆಕ್ಕ ಒಪ್ಪಿಸಬೇಕು. ವಿನ್ಯಾಸಕಾರ ಕಂಬಕ್ಕೂ ಹಣೆಗೂ ನಡುವೆ ರಾಜಿ ಮಾಡಿದ. ನನ್ನ ಮಟ್ಟಿಗೆ ಅದು ತಪ್ಪಲ್ಲ. ಹೊಸದರಲ್ಲಿ ಆ ತೊಲೆ ಸಾಲುತ್ತಿತ್ತು. ಆ ದೋಣಿಗಳು ಅರವತ್ತು ವರ್ಷ ಬಾಳುತ್ತವೆ ಎಂದು ಆಗ ಯಾರೂ ಅಂದುಕೊಂಡಿರಲಿಲ್ಲ. ಫೈಬರ್ ಗ್ಲಾಸ್ ಕೊಳೆಯುವುದಿಲ್ಲ. ಅದರೊಳಗೆ ಬಚ್ಚಿಟ್ಟ ಮರ ಕೊಳೆಯುತ್ತದೆ. ದೋಣಿಯ ಮೈ ಮೊಮ್ಮಕ್ಕಳ ಕಾಲಕ್ಕೂ ಉಳಿಯುವಂಥದ್ದು, ಅದರ ಭಾರ ಹೊರುವ ಮೂಳೆಗಳು ಮಾತ್ರ ಅಜ್ಜನ ಕಾಲಕ್ಕೇ ಮುಗಿಯುವಂಥವು.

ಕೊಳೆಯುವುದಕ್ಕೆ ನೀರು ಬೇಕು, ಅದೂ ಸಿಹಿನೀರು. ಮರಕ್ಕೆ ಕುಂಬು ಹಿಡಿಸುವ ಶಿಲೀಂಧ್ರಕ್ಕೆ ಉಪ್ಪು ಅಷ್ಟಾಗಿ ಆಗಿಬರುವುದಿಲ್ಲ. ನ್ಯೂ ಇಂಗ್ಲೆಂಡಿನ ಹಳೆಯ ಹಡಗುಕಟ್ಟೆಗಳಲ್ಲಿ ಪಕ್ಕೆಲುಬುಗಳ ಸಂದಿಗೆ ಉಪ್ಪು ತುಂಬುತ್ತಿದ್ದುದು ಇದೇ ಕಾರಣಕ್ಕೆ. ಕಡಲ ನೀರಿನಲ್ಲೇ ಬದುಕುವ ದೋಣಿಯನ್ನು ಕೊಲ್ಲುವುದು ಆಕಾಶದಿಂದ ಬಿದ್ದ ಮಳೆ. ಕಂಬದ ಬುಡದ ತಟ್ಟೆಯನ್ನು ಡೆಕ್ಕಿಗೆ ಬಿಗಿದ ನಾಲ್ಕು ಬೋಲ್ಟು, ಕಂಬದ ತುದಿಯ ದೀಪಕ್ಕೆ ಹೋಗುವ ವೈರಿನ ಒಂದು ತೂತು, ಇಷ್ಟೇ ಸಾಕು ಅದಕ್ಕೆ. ಸುತ್ತ ಹಚ್ಚಿದ ಸೀಲಂಟ್ ಹತ್ತಾರು ವರ್ಷದಲ್ಲಿ ಒಣಗಿ ಬಿರಿಯುತ್ತದೆ. ಡೆಕ್ ಎಂಬುದು ಒಂದೇ ಹಲಗೆಯಲ್ಲ: ಮೇಲೊಂದು ಕೆಳಗೊಂದು ಫೈಬರ್ ಗ್ಲಾಸ್ ಪದರ, ನಡುವೆ ಬಾಲ್ಸಾ ಮರವೋ ಪ್ಲೈವುಡ್ಡೋ. ಒಳಸೇರಿದ ನೀರಿಗೆ ಹೊರದಾರಿ ಇಲ್ಲ. ತೇವಾಂಶ ಶೇ 20ಕ್ಕಿಂತ ಕೆಳಗಿದ್ದಷ್ಟು ಕಾಲ ಮರ ಕ್ಷೇಮ. ಇಲ್ಲಿ ಆ ಗಡಿ ದಾಟಿದ್ದು ಹೊರಗಿನವರಿಗೆ ತಿಳಿಯುವುದೇ ಇಲ್ಲ. ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ತಟ್ಟುತ್ತ ಹೋದರೆ ಮಾತ್ರ ಗೊತ್ತಾಗುತ್ತದೆ. ಗಟ್ಟಿ ಜಾಗ ಟಣ್ ಎನ್ನುತ್ತದೆ, ಕುಂಬಾದ ಜಾಗ ಬೊದ್ ಎನ್ನುತ್ತದೆ.

ಆಮೇಲೆ ನಡೆಯುವುದು ವಿಷಚಕ್ರ. ಬುಡ ಮೂರು ಮಿಲಿಮೀಟರ್ ಕುಸಿಯುತ್ತದೆ. ಸ್ಟೇ ತಂತಿಗಳು ಸಡಿಲವಾಗುತ್ತವೆ. ಮಾಲೀಕ ತಂತಿ ಹಿಗ್ಗಿತೆಂದುಕೊಂಡು ತಂತಿ ಬಿಗಿಯುವ ತಿರುಪನ್ನು, ಅಂದರೆ ಟರ್ನ್‌ಬಕಲ್ಲನ್ನು, ಎರಡು ಸುತ್ತು ತಿರುಗಿಸುತ್ತಾನೆ. ಒತ್ತಡ ಮತ್ತೆ ಮೊದಲಿನಷ್ಟಾಗುತ್ತದೆ, ಬುಡ ಇನ್ನಷ್ಟು ಕುಸಿಯುತ್ತದೆ. ಮುಂದಿನ ವರ್ಷ ಇನ್ನೆರಡು ಸುತ್ತು. ಕಂಬದ ಸುತ್ತ ಡೆಕ್ ತಗ್ಗಾಗಿ ಮಳೆನೀರು ಅಲ್ಲೇ ನಿಲ್ಲತೊಡಗುತ್ತದೆ, ಬಿರುಕಿಗೆ ನೀರು ಉಣಿಸುವ ಬಟ್ಟಲು ತಾನೇ ಸಿದ್ಧವಾಗುತ್ತದೆ. ಕಡೆಗೊಂದು ದಿನ ಟರ್ನ್‌ಬಕಲ್‌ನಲ್ಲಿ ತಿರುಗಿಸಲು ಎಳೆಯೇ ಉಳಿದಿರುವುದಿಲ್ಲ. ಅಷ್ಟರಲ್ಲಿ ತೊಲೆಯ ಪಟ್ಟಿಗಳು ಬಾಯಿಬಿಟ್ಟಿರುತ್ತವೆ.

ರಿಪೇರಿಯ ಮಾತಿಗೆ ಬರೋಣ. ಸಾಮಾನ್ಯವಾಗಿ ಎಲ್ಲರ ತಲೆಗೂ ಮೊದಲು ಹೊಳೆಯುವುದು ಉಕ್ಕು. ಮರದ ತೊಲೆ ಬಗ್ಗಿದೆಯೇ? ಅದರಡಿ ಸ್ಟೀಲ್ ಪಟ್ಟಿ ಬಿಗಿ, ಇಲ್ಲವೇ ತೊಲೆ ತೆಗೆದೆಸೆದು ಅಲ್ಯೂಮಿನಿಯಂ ತೊಲೆ ಹಾಕು. ಆಲ್ಬರ್ಗ್ 30ರ ಅನೇಕ ಮಾಲೀಕರು ಇದನ್ನು ಮಾಡಿದ್ದಾರೆ. ನಂತರದ ವರ್ಷಗಳಲ್ಲಿ ಕಾರ್ಖಾನೆಯೇ ಅಲ್ಯೂಮಿನಿಯಂಗೆ ಬದಲಾಯಿಸಿತು. ತಪ್ಪೇನಿಲ್ಲ, ಆದರೆ ಅರ್ಧ ಕೆಲಸ. ಬಗ್ಗುವ ತೊಲೆ ಭಾರವನ್ನು ಒಂದಿಷ್ಟು ಅಕ್ಕಪಕ್ಕದ ಮಾಡಿಗೂ ಹಂಚುತ್ತದೆ. ಬಗ್ಗದ ತೊಲೆ ಅಷ್ಟನ್ನೂ ತನ್ನೆರಡು ತುದಿಗಳಿಗೆ ತಳ್ಳುತ್ತದೆ. ತುದಿಯಡಿ ಇರುವುದು ಅದೇ ಅರವತ್ತು ವರ್ಷದ ಪ್ಲೈವುಡ್ ಗೋಡೆ, ಅದರ ಪಾದ ದೋಣಿಯ ತಳದ ಗುಂಡಿಯಾದ ಬಿಲ್ಜಿನ ನೀರಲ್ಲಿ ನೆಂದು ಪದರ ಪದರವಾಗಿ ಬಿಚ್ಚಿಕೊಂಡಿದ್ದರೆ, ತೊಲೆ ನೆಟ್ಟಗೇ ಇರುತ್ತದೆ, ತೊಲೆಯೊಂದಿಗೆ ಇಡೀ ಮಾಡು ಕೆಳಗಿಳಿಯುತ್ತದೆ. ಹೀಗಾಗಿ ಈ ರಿಪೇರಿಯನ್ನು ಮೇಲಿಂದ ಕೆಳಕ್ಕಲ್ಲ, ಕೆಳಗಿಂದ ಮೇಲಕ್ಕೆ ಮಾಡಬೇಕು ಎಂಬ ಪಕ್ಷದವನು ನಾನು. ಹೊಳೆಯುವ ತೊಲೆಯನ್ನು ಬಂದವರಿಗೆ ತೋರಿಸಬಹುದು, ಬಿಲ್ಜಿನ ಕೆಸರಿನಲ್ಲಿ ಮಾಡಿದ ಕೆಲಸವನ್ನು ಯಾರಿಗೂ ತೋರಿಸಲಾಗದು. ಅದಕ್ಕೇ ಬಹಳ ಮಂದಿ ತೊಲೆಗೆ ನಿಲ್ಲಿಸಿಬಿಡುತ್ತಾರೆ.

ಮೊದಲ ಕೆಲಸ ಭಾರ ಇಳಿಸುವುದು. ಕ್ರೇನ್ ತರಿಸಿ ಕಂಬವನ್ನೇ ಕಳಚಿ ಮಲಗಿಸುವುದು ಉತ್ತಮ. ತಂತಿ ಸಡಿಲಿಸಿ ಕಂಬ ನಿಂತಂತೆಯೇ ಕೆಳಗಿನಿಂದ ಜಾಕ್ ಕೊಡುವವರೂ ಇದ್ದಾರೆ, ಧೈರ್ಯಕ್ಕೆ ಮೆಚ್ಚಬೇಕು. ಕಂಬ ಇಳಿಸಿದ ಮೇಲೂ ಕುಸಿದ ಮಾಡು ತಾನಾಗಿ ಮೇಲೇಳುವುದಿಲ್ಲ. ಅದು ಆ ಆಕಾರಕ್ಕೆ ಒಗ್ಗಿಹೋಗಿರುತ್ತದೆ. ಅದನ್ನು ಜಾಕ್ ಕೊಟ್ಟು ದಿನಕ್ಕೆ ಕೆಲವೇ ಮಿಲಿಮೀಟರಿನಂತೆ ಎತ್ತಬೇಕು. ಜಾಕಿನ ಕಾಲು ನೆಲಹಾಸಿನ ಹಲಗೆಯ ಮೇಲಿರಕೂಡದು, ಕೀಲ್ ಮೇಲೆ ಉದ್ದಕ್ಕೆ ಇಟ್ಟ ದಪ್ಪ ಮರದ ಮೇಲಿರಬೇಕು. ಎಲ್ಲಿಗೆ ನಿಲ್ಲಿಸುವುದು? ಮಾಡಿನ ಮೂಲ ಉಬ್ಬು ಎಷ್ಟಿತ್ತೆಂದು ತಿಳಿಯಲು ಒಳ್ಳೆಯ ಉಪಾಯವೆಂದರೆ ಅದೇ ಮಾದರಿಯ, ಕುಸಿಯದ ಇನ್ನೊಂದು ದೋಣಿಯ ಮೇಲೆ ರಟ್ಟು ಹಿಡಿದು ಅಚ್ಚು ಕತ್ತರಿಸಿಕೊಂಡು ಬರುವುದು. ಒಂದೇ ಅಚ್ಚಿನಿಂದ ಏಳು ನೂರು ದೋಣಿ ಬಂದುದರ ಲಾಭ ಇದು.

ನಂತರ ಡೆಕ್ ಕೊಯ್ಯುವುದು. ಕಂಬದ ಬುಡದಲ್ಲಿ ಕುಂಬಾದ ನಡುಪದರವನ್ನೆಲ್ಲ ಉಳಿ ಹಾಕಿ ಒಣಮರ ಸಿಗುವವರೆಗೆ ತೆಗೆಯುತ್ತ ಹೋಗಬೇಕು. ಅಂಗೈಯಗಲ ಅಂದುಕೊಂಡು ಶುರು ಮಾಡಿದ್ದು ಮೊಳದಗಲ ಆಗುವುದು ರೂಢಿ. ಆ ಜಾಗಕ್ಕೆ ಮತ್ತೆ ಮರ ಹಾಕಬಾರದು. ಎಪಾಕ್ಸಿಯಲ್ಲಿ ನೆನೆಸಿದ ಗಾಜಿನ ಬಟ್ಟೆಯ ಪದರಗಳನ್ನು ಒಂದರ ಮೇಲೊಂದು ಕೂರಿಸಿ, ಅಷ್ಟು ದಪ್ಪವನ್ನೂ ಘನವಾಗಿ ತುಂಬಬೇಕು. ಬೋಲ್ಟು ಹೋಗುವ ತೂತುಗಳು ಈ ಘನಭಾಗದೊಳಗೇ ಬಂದರೆ ಮುಂದೆ ಸೀಲಂಟ್ ಬಿರಿದರೂ ನೀರಿಗೆ ಹೀರಿಕೊಳ್ಳುವ ವಸ್ತುವೇ ಸಿಗದು.

ತೊಲೆಗೆ ಮರವೇ ಆಗಬಹುದು. ಅಮೆರಿಕದ ದೋಣಿಬಡಗಿಗಳು ಇದಕ್ಕೆ ಬಿಳಿ ಓಕ್ ಆರಿಸುತ್ತಾರೆ, ಕೆಂಪು ಓಕ್ ಅಲ್ಲ. ಕೆಂಪು ಓಕಿನ ಸೂಕ್ಷ್ಮ ನಾಳಗಳು ತೆರೆದೇ ಇರುತ್ತವೆ. ಒಂದು ತುಂಡಿನ ತುದಿಗೆ ಬಾಯಿಟ್ಟು ಊದಿದರೆ ಇನ್ನೊಂದು ತುದಿಯಲ್ಲಿ ಗಾಳಿ ಬರುತ್ತದೆ. ಬಿಳಿ ಓಕಿನಲ್ಲಿ ಆ ನಾಳಗಳು ಮುಚ್ಚಿಕೊಂಡಿರುತ್ತವೆ. ತೆಳು ಪಟ್ಟಿಗಳನ್ನು ಮಾಡಿನ ಉಬ್ಬಿಗೆ ತಕ್ಕಂತೆ ಅಚ್ಚಿನ ಮೇಲೆ ಬಾಗಿಸಿ, ಅಂಟು ಹಚ್ಚಿ, ಕೈಗೆ ಸಿಕ್ಕ ಕ್ಲಾಂಪುಗಳನ್ನೆಲ್ಲ ಹಾಕಿ ಬಿಗಿಯುವುದು. ಕ್ಲಾಂಪುಗಳು ಎಷ್ಟಿದ್ದರೂ ಸಾಲುವುದಿಲ್ಲ. ಇಲ್ಲೊಂದು ಸೂಕ್ಷ್ಮವಿದೆ. ಓಕ್ ಮರವನ್ನು ಎಳೆಯ ಗುಂಟ ನಿಲ್ಲಿಸಿ ಒತ್ತಿದರೆ ಅದು ಚದರ ಮಿಲಿಮೀಟರಿಗೆ ಸುಮಾರು 50 ನ್ಯೂಟನ್ ತಾಳುತ್ತದೆ. ಮಲಗಿಸಿ ಎಳೆಗೆ ಅಡ್ಡಲಾಗಿ ಒತ್ತಿದರೆ ಏಳೆಂಟಕ್ಕೇ ನಜ್ಜುಗುಜ್ಜಾಗುತ್ತದೆ. ಆಧಾರಕಂಬ ನಿಂತ ಮರ, ತೊಲೆ ಮಲಗಿದ ಮರ. ಇವೆರಡೂ ಸಂಧಿಸುವಲ್ಲಿ ಅಗಲವಾದ ಲೋಹದ ತಟ್ಟೆಯಿಲ್ಲದಿದ್ದರೆ ನಿಂತದ್ದು ಮಲಗಿದ್ದರೊಳಕ್ಕೆ ಇಳಿಯುತ್ತದೆ.

ಇನ್ನು ಬಿಲ್ಜ್. ನಮ್ಮ ತೊಟ್ಟಿಮನೆಗಳಲ್ಲಿ ಮರದ ಕಂಬವನ್ನು ನೇರ ನೆಲಕ್ಕೆ ಊರುತ್ತಿರಲಿಲ್ಲ; ಅಡಿಗಲ್ಲಿಟ್ಟು ಅದರ ಮೇಲೆ ನಿಲ್ಲಿಸುತ್ತಿದ್ದರು, ನೆಲ ತೊಳೆದ ನೀರು ಕಲ್ಲಿಗೆ ತಾಗಿ ಹೋಗುತ್ತಿತ್ತು. ಎಪ್ಪತ್ತರ ದಶಕದ ಹಲವು ದೋಣಿಗಳಲ್ಲಿ ಮಾಡಿದ್ದು ಇದರ ಉಲ್ಟಾ. ಕಂಬದ ಕೆಳಗಿನ ಆಧಾರಕ್ಕೆಂದು ಬಿಲ್ಜಿನಲ್ಲಿ, ಅಂದರೆ ದೋಣಿಯಲ್ಲಿ ನೀರು ಬಂದು ನಿಲ್ಲುವ ಏಕೈಕ ಜಾಗದಲ್ಲಿ, ಮರದ ದಿಮ್ಮಿಯಿಟ್ಟು ಮೇಲೊಂದು ತೆಳು ಫೈಬರ್ ಗ್ಲಾಸ್ ಹೊದಿಕೆ ಹಾಕಿದರು. ಹೊದಿಕೆಗೆ ಒಂದು ಕೂದಲೆಳೆಯ ಬಿರುಕು ಬಿದ್ದ ದಿನದಿಂದ ದಿಮ್ಮಿ ಸ್ಪಂಜು. ರಿಪೇರಿಯಲ್ಲಿ ಅದನ್ನು ಪೂರ್ತಿ ಕೆತ್ತಿ ತೆಗೆದು, ಘನ ಫೈಬರ್ ಗ್ಲಾಸಿನ ದಿಂಡು ಕಟ್ಟಿ, ಅದರ ತಲೆ ನೀರಿನ ಮಟ್ಟಕ್ಕಿಂತ ಮೇಲಿರುವಂತೆ ಮಾಡಬೇಕು. ಹಿಂದಿನ ನೀರು ಪಂಪಿನತ್ತ ಹರಿಯಲು ದಿಂಡಿನಡಿ ಕೊಳವೆ ಬಿಡಬೇಕು. ಈ ಕೊಳವೆ ಮರೆತವರ ದೋಣಿಯಲ್ಲಿ ದಿಂಡು ಅಣೆಕಟ್ಟಾಗುತ್ತದೆ. ಅಲ್ಯೂಮಿನಿಯಂ ಕಂಬವನ್ನು ಸ್ಟೀಲ್ ತಟ್ಟೆಯ ಮೇಲೆ ನೇರ ಕೂರಿಸುವುದೂ ತರವಲ್ಲ; ಉಪ್ಪುನೀರಿನ ನಂಟಿನಲ್ಲಿ ಸ್ಟೀಲ್ ಅಲ್ಯೂಮಿನಿಯಮ್ಮನ್ನು ತಿಂದುಹಾಕುತ್ತದೆ, ನಡುವೆ ಪ್ಲಾಸ್ಟಿಕ್ ಹಾಳೆ ಬೇಕು.

ಕಂಬ ಮರಳಿ ಏರುವ ದಿನ ಅದರ ಬುಡದಡಿ ನಾಣ್ಯವಿಡುವ ಪದ್ಧತಿ ಇವತ್ತಿಗೂ ಇದೆ. ಹಳೆಯದೇ ಪದ್ಧತಿ. 1962ರಲ್ಲಿ ಲಂಡನ್ನಿನ ಬ್ಲ್ಯಾಕ್‌ಫ್ರಯರ್ಸ್ ಬಳಿ ಥೇಮ್ಸ್ ಕೆಸರಿನಲ್ಲಿ ರೋಮನ್ ಕಾಲದ ಓಕ್ ಹಡಗೊಂದು ಸಿಕ್ಕಿತು. ಪೀಟರ್ ಮಾರ್ಸ್‌ಡೆನ್ ಅದನ್ನು ಅಗೆದು ತೆಗೆದಾಗ ಕಂಬದ ಗುಣಿಯಲ್ಲಿ ಚಕ್ರವರ್ತಿ ಡೊಮಿಷಿಯನ್ ಕಾಲದ ಸವೆದ ಕಂಚಿನ ನಾಣ್ಯವಿತ್ತು. ಅದೃಷ್ಟದೇವತೆ ಫಾರ್ಚೂನಾ ಚುಕ್ಕಾಣಿ ಹಿಡಿದಿರುವ ಮುಖವನ್ನೇ ಮೇಲೆ ಮಾಡಿ ಇಟ್ಟಿದ್ದರು. ಇಟ್ಟವನಿಗೆ ಕಂಬದ ಬುಡದ ಬೆಲೆ ಗೊತ್ತಿತ್ತು. ಆದರೆ ಈಗಿನವರು ಅಲ್ಯೂಮಿನಿಯಂ ಕಂಬದಡಿ ತಾಮ್ರದ ನಾಣ್ಯ ಇಟ್ಟರೆ ದೇವತೆಗಿಂತ ಮೊದಲು ತುಕ್ಕು ಪ್ರಸನ್ನವಾಗುತ್ತದೆ. ಎಪಾಕ್ಸಿಯಲ್ಲಿ ಮುಳುಗಿಸಿ ಇಡುವುದು ಜಾಣತನ.

ಕೀಲ್ ತಲುಪಿದ ಭಾರ ಅಲ್ಲಿಗೆ ಮುಗಿಯಿತೇ? ಇಲ್ಲ. ನಡುವೆ ಕಂಬ ಕೆಳಕ್ಕೆ ಒತ್ತುತ್ತದೆ, ಎರಡು ಪಕ್ಕದಲ್ಲಿ ತಂತಿಗಳು ಮೇಲಕ್ಕೆ ಎಳೆಯುತ್ತವೆ. ಮರದ ದೋಣಿಯ ತಳದ ಹಲಗೆಗಳ ಸಂದಿ ತೆರೆಯಲು ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಬೇಕಿಲ್ಲ. ಮುಂಬೈಯಲ್ಲಿ ತೇಗದಲ್ಲಿ ಕಟ್ಟಿದ 32 ಅಡಿಯ ‘ಸುಹೈಲಿ’ಯಲ್ಲಿ ರಾಬಿನ್ ನಾಕ್ಸ್-ಜಾನ್ಸ್‌ಟನ್ 1968ರ ಜೂನ್‌ನಲ್ಲಿ ಒಂಟಿಯಾಗಿ, ಎಲ್ಲೂ ನಿಲ್ಲದೆ ಭೂಮಿ ಸುತ್ತಲು ಫಾಲ್ಮತ್ ಬಿಟ್ಟರು. ಕೆಲವೇ ವಾರಗಳಲ್ಲಿ ದೋಣಿ ವಿಪರೀತ ಸೋರತೊಡಗಿತು. ಕೇಪ್ ವರ್ಡ್ ದ್ವೀಪಗಳ ಬಳಿ ನೀರಿಗಿಳಿದು ನೋಡಿದರೆ ದೊಡ್ಡ ಕಂಬದ ಕೆಳಗಿನ ಭಾಗದಲ್ಲೇ ಕೀಲಿನ ಪಕ್ಕದ ಸಂದಿ ಎರಡೂ ಕಡೆ ಬಿಟ್ಟಿತ್ತು. ಉಸಿರು ಕಟ್ಟಿ ಮುಳುಗಿ ಮುಳುಗಿ ಹತ್ತಿ ತುಂಬಿ, ಕ್ಯಾನ್ವಾಸ್ ಪಟ್ಟಿ ಹೊಡೆದು, ಅದರ ಮೇಲೆ ತಾಮ್ರದ ತಗಡು ಜಡಿದರು. ಮಧ್ಯೆ ಸುತ್ತು ಹಾಕುತ್ತಿದ್ದ ಶಾರ್ಕ್ ಒಂದಕ್ಕೆ ಗುಂಡಿಟ್ಟರು. ಆ ತೇಪೆಯೊಂದಿಗೇ 312 ದಿನ ಕಳೆದು 1969ರ ಏಪ್ರಿಲ್ 22ರಂದು ಫಾಲ್ಮತ್‌ಗೆ ಮರಳಿದರು.

ಆಲ್ಬರ್ಗ್ 30ಕ್ಕೂ ಅಂಥದೊಂದು ಕಥೆಯಿದೆ. ಕ್ವಿಬೆಕ್‌ನ ಚಲನಚಿತ್ರಕಾರ ಈವ್ ಝೆಲಿನಾ 1981ರಲ್ಲಿ ‘ಝಾಂ-ದು-ಸ್ಯುಡ್’ ಎಂಬ ತಮ್ಮ ಆಲ್ಬರ್ಗ್ 30ರಲ್ಲಿ ಫ್ರಾನ್ಸಿನ ಸೇಂಟ್ ಮಾಲೋದಿಂದ ಒಬ್ಬರೇ ಹೊರಟರು. ದಕ್ಷಿಣ ಪೆಸಿಫಿಕ್‌ನಲ್ಲಿ ದೋಣಿ ಮಗುಚಿ ಕಂಬ ಮುರಿಯಿತು. ನ್ಯೂಜಿಲೆಂಡ್‌ಗೆ ಸೇರಿದ ಚಾಥಮ್ ದ್ವೀಪದಲ್ಲಿ ದಡ ಸೇರಿ, ಕಂಬ ಕಟ್ಟಿಕೊಂಡು, ಕೇಪ್ ಹಾರ್ನ್ ಸುತ್ತಿ 1983ರಲ್ಲಿ ಕೆನಡಾದ ಗಾಸ್ಪೆ ಮುಟ್ಟಿದರು. ಕಡಲಲ್ಲಿ ಕಳೆದದ್ದು 282 ದಿನ. ವಾರಾಂತ್ಯದ ಕುಟುಂಬ ವಿಹಾರಕ್ಕೆಂದು ಬರೆದ ನಕ್ಷೆಯ ದೋಣಿ ಅದು.

ಇಂಥ ದೋಣಿಗಳು ಇಂದು ಕೆಲವೇ ಸಾವಿರ ಡಾಲರಿಗೆ ಸಿಗುತ್ತವೆ. ಬೋಟ್ ಯಾರ್ಡಿಗೆ ಕೊಟ್ಟು ಈ ರಿಪೇರಿ ಮಾಡಿಸಿದರೆ ಕೂಲಿಯೇ ದೋಣಿಯ ಬೆಲೆ ದಾಟುತ್ತದೆ. ವ್ಯಾಪಾರಿ ಬುದ್ಧಿ ಇದ್ದವರು ಇದಕ್ಕೆ ಕೈ ಹಾಕುವುದಿಲ್ಲ. ಕೈ ಹಾಕುವವರು ರಜಾದಿನಗಳಲ್ಲಿ ಮೊಣಕಾಲೂರಿ ಎಪಾಕ್ಸಿ ಕಲಸುವ ಮೇಷ್ಟ್ರು, ಮೆಕ್ಯಾನಿಕ್, ನಿವೃತ್ತ ಗುಮಾಸ್ತ ಇಂಥವರು. ಇವರ ಕೆಲಸ ಬಹಳ ಸಲ ಯಾರ್ಡಿನ ಕೆಲಸಕ್ಕಿಂತ ಗಟ್ಟಿ. ಗಂಟೆಗಿಷ್ಟು ಎಂದು ಲೆಕ್ಕ ಹಾಕುವವನು ಕುಂಬು ಮುಗಿಯಿತೆಂದು ಬೇಗ ನಂಬುತ್ತಾನೆ.

ಕಂಬ ನಿಲ್ಲಿಸಿದ ಮೇಲೆ ತಂತಿಗಳನ್ನು ಒಂದೇ ದಿನ ಪೂರ್ತಿ ಬಿಗಿಯಬಾರದು. ಎಡಕ್ಕೆ ಅರ್ಧ ಸುತ್ತು, ಬಲಕ್ಕೆ ಅರ್ಧ ಸುತ್ತು ಎಂದು ಕೆಲವು ದಿನಗಳ ಮೇಲೆ ಹಂಚಿ, ಒಳಗೆ ತೊಲೆಯಡಿ ದಾರ ಕಟ್ಟಿ ಅದು ಬಗ್ಗುತ್ತಿದೆಯೇ ನೋಡುತ್ತಿರಬೇಕು. ಹೊಸ ಬುಡ ಕುಸಿಯದಿದ್ದರೆ ತಂತಿಗಳು ಬಹುಕಾಲದ ನಂತರ ಮೊದಲ ಬಾರಿಗೆ ನಿಜವಾದ ಬಿಗಿತಕ್ಕೆ ಬರುತ್ತವೆ. ಇಷ್ಟು ವರ್ಷ ಬುಡ ಬಾಗುತ್ತಿದ್ದರಿಂದ ಆ ಎಳೆತ ಕಾಣದೇ ಉಳಿದಿದ್ದವು ಚೈನ್‌ಪ್ಲೇಟುಗಳು, ತಂತಿಯ ಕೆಳತುದಿಯನ್ನು ದೋಣಿಗೆ ಹಿಡಿದಿರುವ ಸ್ಟೀಲ್ ಪಟ್ಟಿಗಳು. ಅವು ಡೆಕ್ಕನ್ನು ತೂರುವ ಇಂಚು ಜಾಗದಲ್ಲಿ ನೀರು ನಿಂತಿರುತ್ತದೆ, ಗಾಳಿ ತಾಗುವುದಿಲ್ಲ; ಆಮ್ಲಜನಕ ಸಿಗದ ಕಡೆ ಸ್ಟೇನ್‌ಲೆಸ್ ಸ್ಟೀಲಿಗೂ ತುಕ್ಕು ಹಿಡಿಯುತ್ತದೆ, ಮೇಲೆ ಕೆಳಗೆ ಫಳಫಳ ಹೊಳೆಯುತ್ತ ನಡುವೆ ಮಾತ್ರ ಸವೆಯುತ್ತದೆ. ತಳದ ಕೆಲಸ ಮುಗಿಸಿದ ಮಾಲೀಕ ಸ್ಪ್ಯಾನರ್ ಹಿಡಿದು ಆ ಪಟ್ಟಿಗಳನ್ನು ಒಂದೊಂದಾಗಿ ಎಳೆದು ನೋಡಲು ಹೊರಡುತ್ತಾನೆ.